ಬೆಲ್ಜಿಯಂನಲ್ಲಿ ಮನೆ ಹುಡುಕುವ ಮೊದಲು ಭಾಷೆಯ ಗೆರೆ ನೋಡಿ

ನೀವು ಕೇಳಿದ್ದು ಮೂರು ಪ್ರಶ್ನೆ. ಬ್ರಸೆಲ್ಸ್‌ನಲ್ಲಿ ಕೆಲಸ ಸಿಕ್ಕಿದೆ, ಮನೆ ಅಲ್ಲೇ ಮಾಡಬೇಕೋ ಹತ್ತಿರದ ಊರು ಲೂವೆನ್‌ನಲ್ಲೋ? ಆರು ವರ್ಷದ ಮಗಳನ್ನು ಫ್ರೆಂಚ್ ಶಾಲೆಗೆ ಹಾಕಬೇಕೋ ಡಚ್ ಶಾಲೆಗೋ? ಭಾಷೆಯ ಜಗಳಕ್ಕೆ ಆ ದೇಶವೇ ಒಡೆದು ಹೋಗುತ್ತದಂತೆ, ಹೌದಾ? ಕೊನೆಯದರಿಂದ ಶುರು ಮಾಡುತ್ತೇನೆ. ಅದು ಗೊತ್ತಾದರೆ ಉಳಿದೆರಡು ಸುಲಭ.

ಒಡೆಯುತ್ತದೆ ಅನ್ನುವ ಮಾತು ನಾನು ಬಂದಾಗಲೂ ಇತ್ತು. 2010ರ ಚುನಾವಣೆ ಆದಮೇಲೆ 541 ದಿನ ಇಲ್ಲಿ ಹೊಸ ಕೇಂದ್ರ ಸರ್ಕಾರವೇ ಬರಲಿಲ್ಲ. ಆದರೂ ರೈಲು ಓಡಿತು, ಶಾಲೆ ನಡೆಯಿತು, ಸಂಬಳ ಬಂತು. ಡಚ್ ಆಡುವ ಉತ್ತರ ಭಾಗ ಫ್ಲಾಂಡರ್ಸ್ ಬೇರೆ ದೇಶವಾಗಬೇಕು ಅನ್ನುವ ಗುರಿ ಇಟ್ಟುಕೊಂಡ ಪಕ್ಷದ ಬಾರ್ಟ್ ಡಿ ವೆವರ್ 2025ರ ಫೆಬ್ರವರಿಯಲ್ಲಿ ಇಡೀ ಬೆಲ್ಜಿಯಂನ ಪ್ರಧಾನಿಯಾದರು. ಇಂಥ ದೇಶ ಇದು. ದಿನವೂ ಜಗಳ, ಆದರೆ ಜಗಳವೆಲ್ಲ ಸಮಿತಿ, ಕೋರ್ಟು, ಕಡತದ ಒಳಗೆ. ನಿಮ್ಮ ಬೀದಿಗೆ ಅದು ಬರುವುದು ತೀರಾ ಕಡಿಮೆ.

ಯಾಕೆ ಹೀಗೆ ಅಂದರೆ, ಇವರು ಪಾಲಾದ ಅಣ್ಣತಮ್ಮಂದಿರು. ಅಂಗಳದ ನಡುವೆ ಗೋಡೆ ಎದ್ದಿದೆ. 1830ರಲ್ಲಿ ದೇಶ ಹುಟ್ಟಿದಾಗ ಆಳುವವರೆಲ್ಲ ಫ್ರೆಂಚ್ ಆಡುವವರು. ಡಚ್ ಮಾತಾಡುವ ಫ್ಲೆಮಿಶ್ ಜನ ಸಂಖ್ಯೆಯಲ್ಲಿ ಜಾಸ್ತಿ ಇದ್ದರೂ ಕೋರ್ಟಿನಲ್ಲಿ, ಸೈನ್ಯದಲ್ಲಿ, ಕಾಲೇಜಿನಲ್ಲಿ ಅವರ ಭಾಷೆಗೆ ಜಾಗವಿರಲಿಲ್ಲ. ಫ್ಲಾಂಡರ್ಸ್‌ನ ಗೆಂಟ್ ವಿಶ್ವವಿದ್ಯಾಲಯ ಪೂರ್ತಿ ಡಚ್ ಆಗಲು 1930 ಬರಬೇಕಾಯಿತು. 1962–63ರಲ್ಲಿ ಕಾನೂನು ಮಾಡಿ ನಕ್ಷೆಯ ಮೇಲೆ ಭಾಷೆಯ ಗೆರೆ ಎಳೆದರು. ಉತ್ತರಕ್ಕೆ ಡಚ್, ದಕ್ಷಿಣಕ್ಕೆ ಫ್ರೆಂಚ್, ಪೂರ್ವದ ಮೂಲೆಯಲ್ಲಿ ಒಂಬತ್ತು ಊರುಗಳ ಪುಟ್ಟ ಜರ್ಮನ್ ಪ್ರದೇಶ. ಬ್ರಸೆಲ್ಸ್ ಮಾತ್ರ ಪಾಲಾಗದೆ ಉಳಿದ ಬಾವಿ. ಇಬ್ಬರಿಗೂ ಬೇಕು, ಇಬ್ಬರೂ ಬಿಡಲಿಲ್ಲ.

ನಾನಿರುವ ಲೂವೆನ್‌ನ ಕಥೆ ಕೇಳಿ. ಊರು ಗೆರೆಯ ಡಚ್ ಕಡೆಗೆ ಬಂತು. ಆದರೆ ನೂರಾರು ವರ್ಷದ ಹಳೆಯ ವಿಶ್ವವಿದ್ಯಾಲಯದಲ್ಲಿ ಎರಡೂ ಭಾಷೆಯ ವಿಭಾಗಗಳಿದ್ದವು. 'ವಲೂನರೇ (ಫ್ರೆಂಚ್ ಆಡುವ ದಕ್ಷಿಣದವರೇ), ಹೊರಡಿ' ಅಂತ ಫ್ಲೆಮಿಶ್ ವಿದ್ಯಾರ್ಥಿಗಳು ಬೀದಿಗಿಳಿದರು. 1968ರಲ್ಲಿ ಸರ್ಕಾರವೇ ಬಿತ್ತು. ಕೊನೆಗೆ ಫ್ರೆಂಚ್ ವಿಭಾಗಕ್ಕಾಗಿ ಗೆರೆಯಾಚೆ ಹೊಲದ ನಡುವೆ ಹೊಸ ಊರನ್ನೇ ಕಟ್ಟಿದರು. ಗ್ರಂಥಾಲಯದ ಪುಸ್ತಕಗಳನ್ನು ಹಂಚಿದ್ದು ಹೇಗೆ ಗೊತ್ತಾ? ಬೆಸ ಸಂಖ್ಯೆಯವು ಒಬ್ಬರಿಗೆ, ಸಮ ಸಂಖ್ಯೆಯವು ಇನ್ನೊಬ್ಬರಿಗೆ. ಕೇಳಿದರೆ ನಗು ಬರುತ್ತದೆ. ಇಲ್ಲಿಯ ಹಿರಿಯ ಅಧ್ಯಾಪಕರಿಗೆ ಮಾತ್ರ ಇದು ನಗುವ ವಿಷಯವಲ್ಲ.

1970ರಿಂದ ಸಂವಿಧಾನವನ್ನು ಮತ್ತೆ ಮತ್ತೆ ತಿದ್ದಿ, 1993ರಲ್ಲಿ ಇದು ಒಕ್ಕೂಟ ಅಂತ ಮೊದಲ ವಿಧಿಯಲ್ಲೇ ಬರೆದರು. ಪ್ರಧಾನಿಯನ್ನು ಬಿಟ್ಟರೆ ಕೇಂದ್ರ ಮಂತ್ರಿಗಳಲ್ಲಿ ಡಚ್ ಆಡುವವರು, ಫ್ರೆಂಚ್ ಆಡುವವರು ಸಮ ಸಮ ಇರಲೇಬೇಕು. ಅಧಿಕಾರ ಹಂಚುವ ದೊಡ್ಡ ಕಾನೂನುಗಳಿಗೆ ಎರಡೂ ಭಾಷೆಯ ಸಂಸದರ ಗುಂಪಿನಲ್ಲಿ ಬೇರೆ ಬೇರೆಯಾಗಿ ಬಹುಮತ ಬೇಕು. ತಲೆ ಎಣಿಸಿ ಯಾರೂ ಯಾರನ್ನೂ ತುಳಿಯುವ ಹಾಗಿಲ್ಲ. ಇದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಮೆಚ್ಚದ್ದೂ ಇದೆ. ನೀವು ಬೆಳಗಾವಿಯವರು ಅಂತ ಬರೆದಿದ್ದೀರಿ, ನಿಮಗೆ ಬೇಗ ಅರ್ಥವಾಗುತ್ತದೆ. ಗಡಿಯ ಜಗಳ ಎಷ್ಟೇ ಇರಲಿ, ಬೆಳಗಾವಿಯಲ್ಲಿ ಸರ್ಕಾರಿ ಮರಾಠಿ ಶಾಲೆಗಳಿವೆ. ಮನೆಮಾತಿನಲ್ಲಿ ಪ್ರಾಥಮಿಕ ಶಿಕ್ಷಣದ ವಿಷಯ ನಮ್ಮ ಸಂವಿಧಾನದಲ್ಲೇ ಇದೆ. ಇಲ್ಲಿ ಹಾಗಲ್ಲ. ಲೂವೆನ್‌ನಲ್ಲಾಗಲಿ ಗೆಂಟ್‌ನಲ್ಲಾಗಲಿ ಸರ್ಕಾರದ ದುಡ್ಡಿನ ಫ್ರೆಂಚ್ ಶಾಲೆ ಇಲ್ಲ. ಭಾಷೆಯ ಗೆರೆಯಂಚಿನ ಕೆಲವೇ ಊರುಗಳಲ್ಲಿ ಇನ್ನೊಂದು ಭಾಷೆಯವರಿಗೆ ವಿಶೇಷ ಸೌಲಭ್ಯವಿದೆ, ಅಲ್ಲೇ ಇವತ್ತಿಗೂ ಜಟಾಪಟಿ ಜಾಸ್ತಿ. ಯಾವ ಊರಲ್ಲಿ ಯಾವ ಭಾಷೆಯವರು ಎಷ್ಟು ಅಂತ ಜನಗಣತಿಯಲ್ಲಿ ಕೇಳುವುದನ್ನೂ ನಿಲ್ಲಿಸಿಬಿಟ್ಟಿದ್ದಾರೆ. ಎಣಿಸಿದರೆ ಗೆರೆ ಜರುಗಿಸಬೇಕಾಗುತ್ತದಲ್ಲ!

ದೊಡ್ಡ ಪಕ್ಷಗಳಲ್ಲಿ ಹೆಚ್ಚಿನವು ಭಾಷೆಯ ಪ್ರಕಾರ ಬೇರೆ ಬೇರೆಯಾಗಿವೆ. ಟಿವಿ ಬೇರೆ, ಪತ್ರಿಕೆ ಬೇರೆ. ನನ್ನ ಫ್ಲೆಮಿಶ್ ಸಹೋದ್ಯೋಗಿಗಳಿಗೆ ಅರ್ಧ ಗಂಟೆ ದೂರದ, ಫ್ರೆಂಚ್ ಆಡುವ ದಕ್ಷಿಣ ಭಾಗವಾದ ವಲೋನಿಯಾದ ಸುದ್ದಿಗಿಂತ ಅಮೆರಿಕದ ಸುದ್ದಿ ಚೆನ್ನಾಗಿ ಗೊತ್ತು. ನೆಮ್ಮದಿ ಇದೆ ನಿಜ, ಒಬ್ಬರ ಮುಖ ಒಬ್ಬರು ನೋಡದೆ ಬಂದ ನೆಮ್ಮದಿ. ಉಳಿದ ತಕರಾರು ದುಡ್ಡಿನದು. ಒಂದು ಕಾಲಕ್ಕೆ ಕಲ್ಲಿದ್ದಲು, ಉಕ್ಕಿನಿಂದ ಮೆರೆದ ವಲೋನಿಯಾ ಈಗ ಸೊರಗಿದೆ, ಫ್ಲಾಂಡರ್ಸ್ ಬೆಳೆದಿದೆ. ನಮ್ಮ ತೆರಿಗೆ ಅವರಿಗೇಕೆ ಅಂತ ಊಟದ ಮೇಜಿನಲ್ಲಿ ಮಾತು ಬಂದೇ ಬರುತ್ತದೆ. ಕರ್ನಾಟಕದಿಂದ ಬಂದ ನಿಮಗೆ ಆ ವಾದದ ಧಾಟಿ ಹೊಸದೇನಲ್ಲ. ಸುಮ್ನೆ ಕೇಳಿಸಿಕೊಳ್ಳಿ, ತೀರ್ಪು ಕೊಡಲು ಹೋಗಬೇಡಿ.

ಇನ್ನು ನಿಮ್ಮ ವಿಷಯ. ನಿಮ್ಮ ಕೆಲಸದ ಪರ್ಮಿಟ್ ನೋಡುವುದು ಬ್ರಸೆಲ್ಸ್ ಪ್ರದೇಶದ ಸರ್ಕಾರ. ವೀಸಾ, ವಾಸದ ಅನುಮತಿ ಕೇಂದ್ರದ್ದು. ವಿಳಾಸದ ನೋಂದಣಿ ಊರಿನ ಪುರಸಭೆಯದ್ದು. ಮಗಳ ಶಾಲೆ ಆಯಾ ಭಾಷಾ ಸಮುದಾಯದ ಸರ್ಕಾರದ್ದು. ಒಂದು ಕಚೇರಿಯವರಿಗೆ ಇನ್ನೊಂದರ ವಿಷಯ ಗೊತ್ತಿರುತ್ತದೆ ಅಂದುಕೊಳ್ಳಬೇಡಿ. ಎಲ್ಲದರ ನಕಲು ಪ್ರತಿ ಕೈಯಲ್ಲಿರಲಿ.

ಎರಡು ಮೂರು ವರ್ಷದ ಮಾತಾದರೆ ಬ್ರಸೆಲ್ಸ್‌ನಲ್ಲೇ ಇರಿ. ಕಾಗದದ ಮೇಲೆ ಎರಡು ಭಾಷೆಯ ನಗರ, ಬೀದಿಯಲ್ಲಿ ಫ್ರೆಂಚ್ ಮುಂದು, ಇಂಗ್ಲಿಷಿಗೂ ಅಡ್ಡಿಯಿಲ್ಲ. ನೆಲೆಸುವ ಮನಸ್ಸಿದ್ದರೆ ಲೂವೆನ್‌ಗೆ ಬನ್ನಿ. ಆಫೀಸಿಗೆ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಆದರೆ ಇಲ್ಲಿ ಡಚ್ ಕಲಿಯಲೇಬೇಕು, ನೀವಿಬ್ಬರೂ. ಪುರಸಭೆಯ ಪತ್ರ, ಶಾಲೆಯ ಚೀಟಿ ಎಲ್ಲ ಡಚ್‌ನಲ್ಲೇ ಬರುತ್ತವೆ. ತಪ್ಪು ತಪ್ಪು ಡಚ್ ಮಾತಾಡಿದರೂ ಇವರಿಗೆ ಖುಷಿ. ಫ್ರೆಂಚ್‌ನಲ್ಲಿ ಮಾತು ಶುರು ಮಾಡಿದರೆ ಕೆಲವರ ಮುಖ ಗಂಟಾಗುತ್ತದೆ. ಅದಕ್ಕಿಂತ ಇಂಗ್ಲಿಷೇ ವಾಸಿ.

ಮಗಳಿಗೆ ಎರಡೂ ಭಾಷೆ ಬರಲಿ ಅಂತ ಆಸೆಯಿದ್ದರೆ ಬ್ರಸೆಲ್ಸ್‌ನ ಡಚ್ ಶಾಲೆಯೇ ಒಳ್ಳೆಯ ದಾರಿ. ಫ್ರೆಂಚ್ ಬೀದಿಯಲ್ಲೂ ಸಿಗುತ್ತದೆ, ತರಗತಿಯಲ್ಲೂ ಇದೆ. ಕಷ್ಟ ಇರುವುದು ಸೀಟಿನದು. ಡಚ್ ಬಲ್ಲ ತಂದೆತಾಯಿಯ ಮಕ್ಕಳಿಗೆ ಒಂದು ಪಾಲು ಮೀಸಲಾಗಿದೆ, ಉಳಿದದ್ದಕ್ಕೆ ಪೈಪೋಟಿ. ಹಾಗಾಗಿ ಟಿಕೆಟ್ ಮಾಡುವ ಮೊದಲೇ ಶಾಲೆಗಳಿಗೆ ಮೇಲ್ ಹಾಕಿ. ಸೀಟು ಎಲ್ಲಿ ಸಿಗುತ್ತದೋ ನೋಡಿಕೊಂಡು ಮನೆ ಹಿಡಿಯಿರಿ. ಉತ್ತರ ಬಂದ ಶಾಲೆಗಳ ಹೆಸರು ನನಗೆ ಕಳಿಸಿ. ಯಾವುದು ಗೆರೆಯ ಯಾವ ಕಡೆ ಅಂತ ಹೇಳುತ್ತೇನೆ.