ಟಿವಿಗೆ ಆಟದ ಮೇಲೆ ನಂಬಿಕೆ ಇರಲಿಲ್ಲ

ಸಂಪಾದಕರ ಉತ್ತರ

(ಮಂಗಳೂರಿನ ನಿವೃತ್ತ ಶಿಕ್ಷಕರೊಬ್ಬರು ಅಮೆರಿಕದ ಡಲ್ಲಾಸ್‌ನಲ್ಲಿರುವ ಮಗಳ ಮನೆಯಿಂದ ಪತ್ರ ಬರೆದಿದ್ದಾರೆ. ಅಲ್ಲಿನ ಟಿವಿಯಲ್ಲಿ ಫುಟ್‌ಬಾಲ್ ನೋಡಲು ಕುಳಿತರೆ ವೀಕ್ಷಕ ವಿವರಣೆಗಾರರು ಮಕ್ಕಳಿಗೆ ಹೇಳಿದಂತೆ ನಿಯಮ ಹೇಳುತ್ತಾರೆ, ಒಂದೊಂದು ಪಂದ್ಯಾವಳಿಗೂ ಒಂದೊಂದು ಚಂದಾ ಕಟ್ಟಬೇಕು ಎಂಬುದು ಅವರ ದೂರು. ಬೇಸತ್ತು, ಒಂದು ಪದವೂ ಅರ್ಥವಾಗದ ಸ್ಪ್ಯಾನಿಷ್ ಚಾನೆಲ್ ನೋಡತೊಡಗಿದ್ದಾರಂತೆ. “ಅಮೆರಿಕದ ಜನರಿಗೇ ಈ ಆಟ ಬೇಡ, ಟಿವಿಯವರನ್ನು ದೂರಿ ಏನು ಫಲ?” ಎನ್ನುವ ಅವರು, ಯಾವ ಚಂದಾ ಕಟ್ಟುವುದು ಒಳ್ಳೆಯದೆಂದೂ ಕೇಳಿದ್ದಾರೆ.)

ಮಾನ್ಯರೇ,

ನಿಮ್ಮ ದೂರುಗಳನ್ನೆಲ್ಲ ಒಪ್ಪುತ್ತೇನೆ, ತೀರ್ಮಾನವನ್ನು ಮಾತ್ರ ಒಪ್ಪಲಾರೆ. ಅಮೆರಿಕದ ಜನ ಈ ಆಟವನ್ನು ಬೇಡ ಎಂದದ್ದಕ್ಕಿಂತ, ಜನರಿಗೆ ಇದು ಬೇಡವೆಂದು ಟಿವಿಯವರು ತಾವೇ ನಿರ್ಧರಿಸಿಕೊಂಡದ್ದು ಹೆಚ್ಚು. ಆಟವನ್ನು ಇದ್ದ ಹಾಗೆ ತೋರಿಸಿದಾಗಲೆಲ್ಲ ಜನ ಬಂದಿದ್ದಾರೆ.

ಮೊದಲಿಗೆ ಜಾಹೀರಾತಿನ ಲೆಕ್ಕ. ಕ್ರಿಕೆಟ್ ನೋಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಓವರ್ ಮುಗಿದರೆ ಜಾಹೀರಾತು, ವಿಕೆಟ್ ಬಿದ್ದರೆ ಜಾಹೀರಾತು. ಅಮೆರಿಕನ್ ಫುಟ್‌ಬಾಲ್ ಅದಕ್ಕೂ ಒಂದು ಹೆಜ್ಜೆ ಮುಂದೆ: ಗಡಿಯಾರದ 60 ನಿಮಿಷದ ಆಟ ಮುಗಿಯಲು ಮೂರು ಗಂಟೆ ಬೇಕು, ಟಿವಿಗೆಂದೇ ಆಟ ನಿಲ್ಲಿಸುವ ಪದ್ಧತಿಯೂ ಅಲ್ಲಿದೆ. ನಿಮ್ಮ ಆಟದಲ್ಲಿ 45 ನಿಮಿಷ ಚೆಂಡು ಉರುಳುತ್ತಲೇ ಇರುತ್ತದೆ. ಅಲ್ಲಿನ ಚಾನೆಲ್‌ಗಳಿಗೆ ಅದು ಮಾರಲಾಗದ 45 ನಿಮಿಷವಾಗಿ ಕಂಡಿತು.

1967ರಲ್ಲಿ ಅಮೆರಿಕದ ದೊಡ್ಡ ಟಿವಿ ಜಾಲ ಸಿಬಿಎಸ್ ಹೊಸ ವೃತ್ತಿಪರ ಫುಟ್‌ಬಾಲ್ ಲೀಗೊಂದನ್ನು ಪ್ರಸಾರ ಮಾಡಿತು. ಅದರ ಒಂದು ಪಂದ್ಯದಲ್ಲಿ ತಾನು ಕೊಟ್ಟ 21 ಫೌಲ್‌ಗಳಲ್ಲಿ 11ನ್ನು ಜಾಹೀರಾತಿಗೆ ಬಿಡುವು ಸಿಗಲೆಂದೇ ಕೊಟ್ಟೆ ಎಂದು ರೆಫರಿಯೇ ಒಪ್ಪಿಕೊಂಡರು. ಇದನ್ನು ಓದಿದಾಗ ನನಗೆ ನಿಜಕ್ಕೂ ನೋವಾಯಿತು. ಆಡುತ್ತಿದ್ದವರ ಬೆವರಿಗೆ ಬೆಲೆ ಇಲ್ಲವೆಂದು ರೆಫರಿಯ ಸೀಟಿಯ ಮೂಲಕವೇ ಸಾರಿದ ಹಾಗಲ್ಲವೇ ಅದು? 1975ರಲ್ಲಿ ಪೆಲೆ ನ್ಯೂಯಾರ್ಕ್ ಕಾಸ್ಮಾಸ್ ತಂಡ ಸೇರಿ ಮೊದಲ ಪಂದ್ಯ ಆಡಿದಾಗ ಮತ್ತೆ ಸಿಬಿಎಸ್ ಬಂತು. ಡೌನಿಂಗ್ ಕ್ರೀಡಾಂಗಣದ ಬೋಳು ನೆಲ ಟಿವಿಯಲ್ಲಿ ಚೆನ್ನಾಗಿ ಕಾಣಲಿ ಎಂದು ಹಸಿರು ಬಣ್ಣ ಹೊಡೆಸಿದ್ದರು. ಪೆಲೆ ಹೋದ ಮೇಲೆ ಇನ್ನೊಂದು ಟಿವಿ ಜಾಲವಾದ ಎಬಿಸಿ ಬಂದು ಬೇಗನೆ ಹಿಂದೆ ಸರಿಯಿತು. 1984ರ ನಂತರ ಕಾಸ್ಮಾಸ್ ಆಡುತ್ತಿದ್ದ ಲೀಗೇ ಉಳಿಯಲಿಲ್ಲ.

1990ರ ವಿಶ್ವಕಪ್‌ನಲ್ಲಿಯೂ ಟಿಎನ್‌ಟಿ ಚಾನೆಲ್ ಆಟದ ನಡುವೆಯೇ ಜಾಹೀರಾತು ಹಾಕುತ್ತಿತ್ತು. ಅಮೆರಿಕವೇ ಆತಿಥ್ಯ ವಹಿಸಿದ 1994ರಲ್ಲಿ ಎಬಿಸಿ ಮತ್ತು ಇಎಸ್‌ಪಿಎನ್ ಉಪಾಯ ಕಂಡುಕೊಂಡವು. ಪರದೆಯ ಮೂಲೆಯಲ್ಲಿ ಗಡಿಯಾರ ಮತ್ತು ಸ್ಕೋರ್, ಪಕ್ಕದಲ್ಲಿ ಪ್ರಾಯೋಜಕರ ಗುರುತು, ಆಟಕ್ಕೆ ಮಾತ್ರ ತಡೆಯಿಲ್ಲ. ಇಷ್ಟು ಸರಳವಾದ ದಾರಿ ಹೊಳೆಯಲು 1967ರಿಂದ ಅಷ್ಟೊಂದು ವರ್ಷ ಬೇಕಾಯಿತು.

ಜನ ಬಂದರೇ? 1999ರ ಮಹಿಳಾ ವಿಶ್ವಕಪ್ ಫೈನಲ್‌ಗೆ ರೋಸ್ ಬೌಲ್ ಕ್ರೀಡಾಂಗಣದಲ್ಲಿ 90,185 ಮಂದಿ ಸೇರಿದ್ದರು. ಎಬಿಸಿಯಲ್ಲಿ ಅದನ್ನು ಸರಾಸರಿ 1.8 ಕೋಟಿ ಜನ ನೋಡಿದರು. 2015ರಲ್ಲಿ ಅಮೆರಿಕದ ಹೆಣ್ಣುಮಕ್ಕಳು ಜಪಾನನ್ನು 5-2ರಿಂದ ಸೋಲಿಸಿದ ಫೈನಲ್ ಫಾಕ್ಸ್ ಚಾನೆಲ್‌ನಲ್ಲಿ 2.5 ಕೋಟಿಗೂ ಹೆಚ್ಚು ವೀಕ್ಷಕರನ್ನು ಕಂಡಿತು. ಇಷ್ಟಾದರೂ ಆ ಹೆಣ್ಣುಮಕ್ಕಳ ಲೀಗಿಗೆ ಟಿವಿಯಿಂದ ಮರ್ಯಾದೆಯ ಹಣ ದೊರೆತದ್ದು 2023ರಲ್ಲಿ, ನಾಲ್ಕು ವರ್ಷಕ್ಕೆ 24 ಕೋಟಿ ಡಾಲರ್‌ಗಳ ಒಪ್ಪಂದವಾದಾಗ. ತಡ ಮಾಡಿದ್ದು ಪ್ರೇಕ್ಷಕರಲ್ಲ.

ಇನ್ನು ವಿವರಣೆಗಾರರ ವಿಚಾರ. ನಿಮ್ಮ ಸಿಟ್ಟು ನ್ಯಾಯವಾದದ್ದು. 2006ರ ವಿಶ್ವಕಪ್‌ಗೆ ಇಎಸ್‌ಪಿಎನ್ ಬೇಸ್‌ಬಾಲ್‌ನಲ್ಲಿ ಹೆಸರಾಗಿದ್ದ ಡೇವ್ ಒಬ್ರಿಯಾನ್ ಅವರನ್ನು ಕೂರಿಸಿತು. 2013ರಲ್ಲಿ ಫಾಕ್ಸ್ ಬಾಸ್ಕೆಟ್‌ಬಾಲ್ ಮತ್ತು ಅಮೆರಿಕನ್ ಫುಟ್‌ಬಾಲ್‌ನ ಗಸ್ ಜಾನ್ಸನ್ ಅವರನ್ನು ಯುರೋಪಿನ ಚಾಂಪಿಯನ್ಸ್ ಲೀಗಿಗೆ ತಂದಿತು. ಮರುವರ್ಷವೇ ಅವರು ಆ ಕೆಲಸ ಬಿಟ್ಟರು. ಇಬ್ಬರೂ ತಮ್ಮ ಆಟಗಳಲ್ಲಿ ಸಮರ್ಥರು, ತಪ್ಪು ಅವರದ್ದೆಂದು ನಾನು ಹೇಳಲಾರೆ. ಈ ಆಟ ಬಲ್ಲವರ ದನಿಗಿಂತ ಜನರಿಗೆ ಪರಿಚಯವಿರುವ ದನಿ ಮುಖ್ಯ ಎಂದುಕೊಂಡವರ ತಪ್ಪು ಅದು. 2010ರ ವಿಶ್ವಕಪ್‌ಗೆ ಇಎಸ್‌ಪಿಎನ್ ಬ್ರಿಟನ್ನಿನ ಮಾರ್ಟಿನ್ ಟೈಲರ್, ಇಯಾನ್ ಡಾರ್ಕ್ ಅಂಥವರನ್ನು ಕರೆಸಿತು. ಅಲ್ಜೀರಿಯಾ ವಿರುದ್ಧ 90 ನಿಮಿಷ ಮುಗಿದ ಮೇಲೆ ರೆಫರಿ ಸೇರಿಸಿದ ಸಮಯದಲ್ಲಿ ಅಮೆರಿಕದ ಲ್ಯಾಂಡನ್ ಡೊನೊವನ್ ಹೊಡೆದ ಗೋಲು ಅಮೆರಿಕದವರ ಮನಸ್ಸಿನಲ್ಲಿ ಉಳಿದಿರುವುದು ಡಾರ್ಕ್ ಅವರ ದನಿಯ ಜೊತೆಗೇ. 2013ರಿಂದ ಇಂಗ್ಲಿಷ್ ಪ್ರೀಮಿಯರ್ ಲೀಗ್ ತೋರಿಸುತ್ತಿರುವ ಎನ್‌ಬಿಸಿ ಇನ್ನೂ ಒಳ್ಳೆಯ ಕೆಲಸ ಮಾಡಿತು. ಶನಿವಾರ ಬೆಳಿಗ್ಗೆಯೇ ಎದ್ದು ಕೂರುವವನಿಗೆ ಕಾರ್ನರ್ ಕಿಕ್ ಎಂದರೇನೆಂದು ಹೇಳಬೇಕಾಗಿಲ್ಲ ಎಂದು ಅದಕ್ಕೆ ತಿಳಿದಿತ್ತು. ಮೊದಲ ಮೂರು ವರ್ಷಕ್ಕೆ 25 ಕೋಟಿ ಡಾಲರ್ ಕೊಟ್ಟಿದ್ದ ಅದೇ ಎನ್‌ಬಿಸಿ 2021ರಲ್ಲಿ ಆರು ವರ್ಷಕ್ಕೆ ಸುಮಾರು 270 ಕೋಟಿ ಡಾಲರ್ ಕೊಡಲು ಒಪ್ಪಿತು. ಆದರೂ, ಅಮೆರಿಕದ್ದೇ ಆದ ಒಂದು ದನಿ ಬೆಳೆಯುವ ಬದಲು ಬ್ರಿಟನ್ನಿನಿಂದ ತರಿಸಿಕೊಳ್ಳುವುದೇ ರೂಢಿಯಾಯಿತಲ್ಲ ಎಂಬ ಕೊರಗು ನನಗಿದೆ.

ಸ್ಪ್ಯಾನಿಷ್ ಚಾನೆಲ್ ನಿಮಗೇಕೆ ಹಿಡಿಸಿತು ಎನ್ನುವುದಕ್ಕೂ ಉತ್ತರ ಇಲ್ಲಿಯೇ ಇದೆ. ಅಲ್ಲಿ ಯಾರೂ ಈ ಆಟವನ್ನು ಪರಿಚಯಿಸಲು ಹೊರಟಿಲ್ಲ. ಅರ್ಜೆಂಟೀನಾ ಮೂಲದ ಆಂದ್ರೇಸ್ ಕ್ಯಾಂಟರ್ ಉಸಿರು ಮುಗಿಯುವವರೆಗೂ “ಗೋ...ಲ್” ಎಂದು ಕೂಗುವುದನ್ನು ನೀವು ಟೆಲಿಮುಂಡೊದಲ್ಲಿ ಕೇಳಿರಬಹುದು. 1994ರಲ್ಲಿ ಯೂನಿವಿಷನ್‌ನಲ್ಲಿದ್ದಾಗ, ಸ್ಪ್ಯಾನಿಷ್ ಬಾರದ ಅಮೆರಿಕನ್ನರೂ ಅವರಿಗಾಗಿ ಚಾನೆಲ್ ಬದಲಿಸುತ್ತಿದ್ದರು, ನೀವು ಒಬ್ಬಂಟಿಯಲ್ಲ. 2018 ಮತ್ತು 2022ರ ವಿಶ್ವಕಪ್‌ಗಳ ಹಕ್ಕಿಗೆ ಇಂಗ್ಲಿಷಿನ ಫಾಕ್ಸ್‌ಗಿಂತ ಸ್ಪ್ಯಾನಿಷ್‌ನ ಟೆಲಿಮುಂಡೊ ಹೆಚ್ಚು ಹಣ ಕೊಟ್ಟಿತೆಂದು ವರದಿಗಳು ಹೇಳಿದ್ದವು. ಮೆಕ್ಸಿಕೋದ ಲೀಗಿಗೆ ಅಲ್ಲಿ ಬಹಳ ಹಿಂದಿನಿಂದಲೂ ದೊಡ್ಡ ಪ್ರೇಕ್ಷಕ ವರ್ಗವಿದೆ. ಟೆಕ್ಸಸ್‌ನಲ್ಲಿರುವ ನೀವು ಅದನ್ನು ಬೀದಿಯಲ್ಲೇ ಕಾಣುತ್ತಿರುತ್ತೀರಿ. “ಅಮೆರಿಕದ ಜನರಿಗೆ ಬೇಡ” ಎಂದು ಬರೆಯುವಾಗ ಈ ಜನರನ್ನು ಅಮೆರಿಕದವರ ಲೆಕ್ಕದಿಂದ ಬಿಟ್ಟಿರಲ್ಲ, ಅದು ನನಗೆ ಸರಿ ಕಾಣಲಿಲ್ಲ.

ನಿಮ್ಮ ಪತ್ರದಲ್ಲಿಲ್ಲದ ಒಂದು ದೂರನ್ನು ನಾನು ಸೇರಿಸುತ್ತೇನೆ. 2022ರಲ್ಲಿ ಕತಾರ್‌ನ ಕ್ರೀಡಾಂಗಣಗಳನ್ನು ಕಟ್ಟಿದ ವಲಸೆ ಕಾರ್ಮಿಕರ ಪಾಡನ್ನು ಜಗತ್ತಿನ ಅನೇಕ ಪ್ರಸಾರ ಸಂಸ್ಥೆಗಳು ಚರ್ಚಿಸಿದವು. ಫಾಕ್ಸ್ ಮಾತ್ರ ಮೈದಾನದ ಹೊರಗಿನದು ತನ್ನ ವಿಷಯವಲ್ಲ ಎಂಬ ನಿಲುವು ತಾಳಿತು. ಅದರ ಪ್ರಸಾರಕ್ಕೆ ಕತಾರ್ ಏರ್‌ವೇಸ್ ಪ್ರಾಯೋಜಕತ್ವವಿತ್ತು. ದುಡಿಯಲು ಗಲ್ಫ್‌ಗೆ ಹೋದವರ ಮನೆಗಳು ನಿಮ್ಮ ಕರಾವಳಿಯ ಊರೂರಿನಲ್ಲೂ ಇವೆ. ಆಟವನ್ನು ಪ್ರೀತಿಸುವ ಚಾನೆಲ್, ಆ ಆಟಕ್ಕಾಗಿ ಇಟ್ಟಿಗೆ ಹೊತ್ತವರ ಬಗ್ಗೆಯೂ ಮಾತನಾಡಬೇಕಿತ್ತು. ವಿವರಣೆಗಾರರ ಕೊರತೆಗಿಂತ ಇದು ದೊಡ್ಡ ಕೊರತೆ.

ಚಂದಾ ವಿಷಯದಲ್ಲಿ ನೀವು ಹೇಳಿದ್ದು ಅಕ್ಷರಶಃ ನಿಜ. ಪ್ರೀಮಿಯರ್ ಲೀಗಿಗೆ ಎನ್‌ಬಿಸಿಯ ಆನ್‌ಲೈನ್ ಸೇವೆ ಪೀಕಾಕ್, ಚಾಂಪಿಯನ್ಸ್ ಲೀಗಿಗೆ ಪ್ಯಾರಾಮೌಂಟ್ ಪ್ಲಸ್, ಸ್ಪೇನ್‌ನ ಲೀಗಿಗೆ ಇಎಸ್‌ಪಿಎನ್, ಅಮೆರಿಕದ್ದೇ ಆದ ಎಂಎಲ್‌ಎಸ್ ಲೀಗಿಗೆ ಆ್ಯಪಲ್. 2023ರಿಂದ ಜಾರಿಗೆ ಬಂದ ಆ್ಯಪಲ್ ಒಪ್ಪಂದ ಮೊದಲು ಹತ್ತು ವರ್ಷಕ್ಕೆ 250 ಕೋಟಿ ಡಾಲರ್‌ಗಳದ್ದಾಗಿತ್ತು. ಎಲ್ಲ ಪಂದ್ಯಗಳೂ ಒಂದೇ ಕಡೆ ಸಿಗುವುದು ಒಳ್ಳೆಯದೇ. ಆದರೆ ಊರೂರಿನ ಚಾನೆಲ್‌ಗಳಲ್ಲಿ ತಮ್ಮ ತಂಡದ ಆಟವನ್ನು ತಮ್ಮೂರಿನ ವಿವರಣೆಗಾರರ ಬಾಯಲ್ಲಿ ಕೇಳುವ ಸುಖ ಹೋಯಿತು. ಮೆಸ್ಸಿ ಎಂಎಲ್‌ಎಸ್‌ನ ಇಂಟರ್ ಮಯಾಮಿ ತಂಡಕ್ಕೆ ಬಂದಾಗಲೂ ರಿಮೋಟ್ ಒತ್ತುತ್ತಾ ಹೋಗುವ ಮಗುವಿನ ಕಣ್ಣಿಗೆ ಅವರು ಬೀಳುವ ಅವಕಾಶ ತೀರಾ ಕಡಿಮೆಯಿತ್ತು. ಬೇರೆ ಚಂದಾ ಕಟ್ಟಿ ನೋಡಬೇಕಿದ್ದ ವ್ಯವಸ್ಥೆಯನ್ನು ಕೊನೆಗೆ ಕೈಬಿಟ್ಟು, 2026ರಿಂದ ಆ್ಯಪಲ್‌ನ ಸಾಮಾನ್ಯ ಚಂದಾದಲ್ಲೇ ಪಂದ್ಯಗಳನ್ನು ಸೇರಿಸಿದ್ದಾರೆ. ಹಳೆಯ ಭಯವೂ ಪೂರ್ತಿ ಹೋಗಿಲ್ಲ. 2026ರ ವಿಶ್ವಕಪ್‌ಗೆ ಫಿಫಾ ಪ್ರತಿ ಅರ್ಧದಲ್ಲೂ ಮೂರು ನಿಮಿಷದ ನೀರಿನ ವಿರಾಮವನ್ನು ಕಡ್ಡಾಯ ಮಾಡಿದಾಗ, ಆಟಗಾರರ ಆರೋಗ್ಯದ ಹೆಸರಿನಲ್ಲಿ ಜಾಹೀರಾತಿಗೆ ದಾರಿ ಮಾಡಿಕೊಡುತ್ತಿದ್ದಾರೆಯೇ ಎಂಬ ಪ್ರಶ್ನೆ ಎದ್ದದ್ದು ಸಹಜ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ವಿಶ್ವಕಪ್‌ಗೆಂದು ಯಾವ ಚಂದಾವನ್ನೂ ಕಟ್ಟಬೇಡಿ. ಫಾಕ್ಸ್ ಮತ್ತು ಟೆಲಿಮುಂಡೊ ಎರಡೂ ಸಾಧಾರಣ ಆ್ಯಂಟೆನಾಗೆ ಉಚಿತವಾಗಿ ಸಿಗುವ ಚಾನೆಲ್‌ಗಳು, ಬಹುಪಾಲು ಪಂದ್ಯಗಳು ಅವುಗಳಲ್ಲೇ ಬರುತ್ತವೆ. ವರ್ಷವಿಡೀ ಆಟ ಬೇಕೆನಿಸಿದರೆ ಪೀಕಾಕ್ ಒಂದನ್ನು ತೆಗೆದುಕೊಳ್ಳಲು ಮಗಳಿಗೆ ಹೇಳಿ. ಸ್ಪ್ಯಾನಿಷ್ ಚಾನೆಲ್ ನೋಡುವುದನ್ನು ಮಾತ್ರ ಬಿಡಬೇಡಿ.

— ಸಂಪಾದಕ