ನ್ಯೂಸ್‌ಪ್ರಿಂಟ್ ಆಮದು: ಭಾರತ, ಬಾಂಗ್ಲಾದೇಶಗಳ ಹೋಲಿಕೆ ಹೇಗೆ?

ಪ್ರಶ್ನೆ: ನಾನು ಧಾರವಾಡದಲ್ಲಿ ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಭಾರತ ಮತ್ತು ಬಾಂಗ್ಲಾದೇಶಗಳ 1990ರಿಂದೀಚಿನ ನ್ಯೂಸ್‌ಪ್ರಿಂಟ್ (ಪತ್ರಿಕೆ ಮುದ್ರಿಸುವ ಕಾಗದ) ಆಮದನ್ನು ಡಾಲರ್ ಲೆಕ್ಕದಲ್ಲಿ ಹೋಲಿಸುತ್ತಿದ್ದೇನೆ. ಆಮದು ಏರಿದ ಕಡೆ ಪತ್ರಿಕೆ ಓದುವವರೂ ಹೆಚ್ಚಿದ್ದಾರೆ ಎನ್ನಬಹುದೇ ಸರ್?

ಉತ್ತರ: ಆಮದಿನ ಅಂಕಿಗಳಿಂದಷ್ಟೇ ಹಾಗೆ ಹೇಳಲು ಬರುವುದಿಲ್ಲ. ನೀವು ಆರಿಸಿಕೊಂಡ ಬಾಂಗ್ಲಾದೇಶವನ್ನೇ ನೋಡಿ: ಸುಂದರಬನದ ಮರವನ್ನು ನೆಚ್ಚಿ 1959ರಿಂದ ನಡೆಯುತ್ತಿದ್ದ ಖುಲ್ನಾದ ನ್ಯೂಸ್‌ಪ್ರಿಂಟ್ ಕಾರ್ಖಾನೆ 2002ರಲ್ಲಿ ಮುಚ್ಚಿತು. ಒಂದು ಪ್ರತಿಯೂ ಹೆಚ್ಚಿಗೆ ಮಾರಾಟವಾಗದಿದ್ದರೂ, ಆ ಕಾರ್ಖಾನೆ ಕೊಡುತ್ತಿದ್ದ ಕಾಗದದ ಕೊರತೆ ತುಂಬಲು ಆಮದು ಏರಬಹುದು. ಕಳೆದ ದಶಕದಲ್ಲಿ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿದ್ದನ್ನು ಕಂಡ ನಮಗೆ ಇದು ಹೊಸ ಮಾತೇನಲ್ಲ. ಆದ್ದರಿಂದ ದೇಶದೊಳಗಿನ ಉತ್ಪಾದನೆಗೆ ಆಮದನ್ನು ಕೂಡಿಸಿ, ರಫ್ತನ್ನು ಕಳೆದು ಬರುವ ಬಳಕೆಯನ್ನು ಹೋಲಿಸಿರಿ.

ಭಾರತದ ಅಂಕಿಗಳಿಗೆ ಬೇರೊಂದು ತೊಡಕಿದೆ. 1962ರ ನ್ಯೂಸ್‌ಪ್ರಿಂಟ್ ನಿಯಂತ್ರಣ ಆದೇಶದ ಕಾಲದಿಂದ ಪತ್ರಿಕೆಗಳಿಗೆ ಕಾಗದ ಕೋಟಾದ ಮೇಲೆ ಸಿಗುತ್ತಿತ್ತು. ಪತ್ರಿಕೆಗಳು ಹತ್ತು ಪುಟ ಮೀರಬಾರದೆಂಬ ಮಿತಿಯನ್ನು 1972ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿದರೂ, ಆಮದು ಮುಕ್ತವಾದದ್ದು 1995ರಲ್ಲಿ. ಹೀಗಾಗಿ ನಿಮ್ಮ ಮೊದಲ ಐದು ವರ್ಷಗಳ ಅಂಕಿಗಳು ಪತ್ರಿಕೆಗಳ ಬೇಡಿಕೆಗಿಂತ ಸರ್ಕಾರದ ಹಂಚಿಕೆಯನ್ನೇ ಹೆಚ್ಚಾಗಿ ತೋರಿಸುತ್ತವೆ. ನಾನಾಗಿದ್ದರೆ 1995ರಲ್ಲಿ ನಕ್ಷೆಯ ಮೇಲೊಂದು ಗೆರೆ ಎಳೆದು, ಎರಡು ಅವಧಿಗಳನ್ನು ಪ್ರತ್ಯೇಕವಾಗಿ ವಿವರಿಸುತ್ತಿದ್ದೆ.

ಡಾಲರ್ ಲೆಕ್ಕವನ್ನು ಬಿಟ್ಟು ಟನ್ ಲೆಕ್ಕ ಹಿಡಿಯಿರಿ. 2020ಕ್ಕೂ 2022ಕ್ಕೂ ನಡುವೆ ಭಾರತ ಆಮದು ಮಾಡಿಕೊಂಡ ನ್ಯೂಸ್‌ಪ್ರಿಂಟ್‌ನ ಬೆಲೆ ಸುಮಾರು ಎರಡು ಪಟ್ಟಾಯಿತು. ಮೌಲ್ಯವನ್ನಷ್ಟೇ ನೋಡಿದರೆ ಆ ವರ್ಷಗಳಲ್ಲಿ ಬಂದ ಕಾಗದ ಎಷ್ಟೆಂಬುದೇ ತಪ್ಪಾಗಿ ಕಾಣುತ್ತದೆ. ಇದಕ್ಕೆ ಸುಂಕ ಕಾರಣವಲ್ಲ: ಭಾರತ 2019ರಲ್ಲಿ ವಿಧಿಸಿ, 2020ರಲ್ಲಿ ಅರ್ಧಕ್ಕಿಳಿಸಿದ ಶೇ 10ರ ಸುಂಕವು ಸಾಮಾನ್ಯವಾಗಿ ಆಮದು ಮೌಲ್ಯದಲ್ಲಿ ಸೇರಿರುವುದಿಲ್ಲ.

ಟನ್ ಕೂಡ ಪೂರ್ಣ ಸತ್ಯವನ್ನು ಹೇಳುವುದಿಲ್ಲ. ಹುಬ್ಬಳ್ಳಿಯ ಯಾವುದೇ ಕಾಗದ ವ್ಯಾಪಾರಿ ದರ ಹೇಳುವ ಮೊದಲು ಜಿಎಸ್‌ಎಂ, ಅಂದರೆ ಕಾಗದ ಪ್ರತಿ ಚದರ ಮೀಟರಿಗೆ ಎಷ್ಟು ಗ್ರಾಂ ತೂಗುತ್ತದೆ ಎಂದು ಕೇಳುತ್ತಾರೆ. ಪ್ರತಿ ಚದರ ಮೀಟರಿಗೆ 48.8 ಗ್ರಾಂ ತೂಗುವ ಒಂದು ಟನ್ ಕಾಗದ ಸುಮಾರು 20,500 ಚದರ ಮೀಟರ್ ಆಗುತ್ತದೆ. 42 ಗ್ರಾಮಿನದಾದರೆ ಸುಮಾರು 23,800. ತೆಳು ಕಾಗದಕ್ಕೆ ಹೊರಳಿದ ಪತ್ರಿಕೆ ಅಷ್ಟೇ ಪುಟಗಳನ್ನು ಕಡಿಮೆ ತೂಕದಲ್ಲಿ ಮುದ್ರಿಸುತ್ತದೆ. ಈ ವಿವರ ಸಿಗದಿದ್ದರೆ, ಸಣ್ಣ ಇಳಿಕೆಗಳನ್ನು ಓದುಗರ ಇಳಿಕೆ ಎಂದು ಬರೆಯಬೇಡಿರಿ.

ನಮ್ಮ ಹಣಕಾಸು ವರ್ಷ ಏಪ್ರಿಲ್‌ನಲ್ಲಿ, ಬಾಂಗ್ಲಾದೇಶದ್ದು ಜುಲೈನಲ್ಲಿ ಆರಂಭವಾಗುವುದರಿಂದ, ಸಾಧ್ಯವಾದಲ್ಲೆಲ್ಲ ಕ್ಯಾಲೆಂಡರ್ ವರ್ಷವನ್ನೇ ಬಳಸಿರಿ. ತಲಾವಾರು ಲೆಕ್ಕಕ್ಕೆ 2011 ಅನುಕೂಲದ ವರ್ಷ: ಆಗ ಎರಡೂ ಕಡೆ ಜನಗಣತಿ ನಡೆದು, ಭಾರತದಲ್ಲಿ 121 ಕೋಟಿ, ಬಾಂಗ್ಲಾದೇಶದಲ್ಲಿ ಸುಮಾರು 15 ಕೋಟಿ ಜನರಿದ್ದರು. ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ಎಂಬ ವ್ಯಾಪಾರ ದತ್ತಾಂಶದಲ್ಲಿ ನ್ಯೂಸ್‌ಪ್ರಿಂಟ್‌ನ ಶೀರ್ಷಿಕೆ ಸಂಖ್ಯೆ 4801ನ್ನು ಆರಿಸಿಕೊಳ್ಳಿ. ಬಾಂಗ್ಲಾದೇಶ ವರದಿ ಸಲ್ಲಿಸದ ವರ್ಷಗಳಿಗೆ, ಕಾಗದ ಕಳಿಸಿದ ದೇಶಗಳ ರಫ್ತು ಅಂಕಿಗಳನ್ನು ತೂಕದಲ್ಲಿ ಕೂಡಿಸಿರಿ. ಅವುಗಳ ಮೌಲ್ಯದಲ್ಲಿ ಸಾಗಣೆ ಮತ್ತು ವಿಮೆಯ ಖರ್ಚು ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ಆ ವರ್ಷಗಳನ್ನು ನಕ್ಷೆಯಲ್ಲಿ ಚುಕ್ಕೆಗೆರೆಯಿಂದ ಗುರುತಿಸಿರಿ.