ತಳ್ಳುವುದು ಬಿಟ್ಟರೆ ಗಾಡಿ ನಿಲ್ಲುತ್ತದೆ. ಹಾಗಿದ್ದರೆ ನ್ಯೂಟನ್ನನ ಮೊದಲ ನಿಯಮ ಸರಿಯೇ?

ಸಮವೇಗದಿಂದ ನೇರವಾಗಿ ಸಾಗುವ ವಸ್ತುವಿಗೆ ಬಲ ಬೇಕಿಲ್ಲವೆಂದು ನಿಮ್ಮ ಮಗಳ ಪಠ್ಯಪುಸ್ತಕ ಹೇಳುತ್ತದೆ, ಆದರೆ ತಳ್ಳುಗಾಡಿಯಿಂದ ಕೈ ತೆಗೆದರೆ ಅದು ನಿಂತುಬಿಡುತ್ತದೆ, ಇವೆರಡರಲ್ಲಿ ಯಾವುದನ್ನು ನಂಬಬೇಕೆಂದು ಕೇಳಿದ್ದೀರಿ. ಎರಡನ್ನೂ ನಂಬಬಹುದು. ಕೋಲಾರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನು, ಮೊದಲೆರಡು ವರ್ಷ ಈ ನಿಯಮವನ್ನು ಬಾಯಿಪಾಠ ಮಾಡಿಸಿದೆನೇ ಹೊರತು ಮಕ್ಕಳ ಇದೇ ಸಂದೇಹಕ್ಕೆ ನೆಟ್ಟಗೆ ಉತ್ತರ ಕೊಟ್ಟಿರಲಿಲ್ಲ.

ನಮ್ಮ ಎ.ಪಿ.ಎಂ.ಸಿ. ಮಾರುಕಟ್ಟೆಯಲ್ಲಿ ಟೊಮೆಟೊ ಸಾಗಿಸುವ ಗಾಡಿಯೊಂದನ್ನು ತೆಗೆದುಕೊಳ್ಳೋಣ. ತಲಾ 15 ಕೆ.ಜಿ. ಹಣ್ಣು ತುಂಬಿದ 10 ಬಾಕ್ಸ್‌ಗಳೂ ಗಾಡಿಯೂ ಸೇರಿ 180 ಕೆ.ಜಿ. ಇರಲಿ; ನೆಲ, ಚಕ್ರ ಮತ್ತು ಅಚ್ಚಿನ ಉಜ್ಜಾಟದಿಂದ ಹಿಂದಕ್ಕೆ ಬೀಳುವ ಘರ್ಷಣೆ 36 ನ್ಯೂಟನ್ (ಬಲವನ್ನು ಅಳೆಯುವ ಮಾನ) ಎಂದಿಟ್ಟುಕೊಳ್ಳಿ. ಹಮಾಲರು ಸರಿಯಾಗಿ 36 ನ್ಯೂಟನ್ ಬಲದಿಂದ ತಳ್ಳುತ್ತಿರುವಾಗ ಮುಂದಿನ ಬಲವೂ ಹಿಂದಿನ ಬಲವೂ ಒಂದನ್ನೊಂದು ಕಳೆದು, ಗಾಡಿಯ ಮೇಲಿನ ಫಲಿತ ಬಲ ಸೊನ್ನೆಯಾಗುತ್ತದೆ. ಆಗಲೇ ಗಾಡಿ ಒಂದೇ ವೇಗದಲ್ಲಿ ಸಾಗುವುದು. ಅವರು 72 ನ್ಯೂಟನ್‌ಗೆ ಏರಿಸಿದರೆ ಮಿಕ್ಕ 36 ನ್ಯೂಟನ್ನನ್ನು 180ರಿಂದ ಭಾಗಿಸಿ, ವೇಗ ಪ್ರತಿ ಸೆಕೆಂಡೂ ಸೆಕೆಂಡಿಗೆ 0.2 ಮೀಟರಿನಷ್ಟು ಹೆಚ್ಚುತ್ತ ಹೋಗುತ್ತದೆ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿದ್ದಾಗ ಕೈ ಬಿಟ್ಟರೆ ಉಳಿಯುವುದು ಘರ್ಷಣೆಯೊಂದೇ. ಅದು ಅಷ್ಟೇ ಪ್ರಮಾಣದಲ್ಲಿ ವೇಗವನ್ನು ಇಳಿಸುತ್ತ, 5 ಸೆಕೆಂಡಿನಲ್ಲಿ, ಎರಡೂವರೆ ಮೀಟರ್ ದೂರದಲ್ಲಿ ಗಾಡಿಯನ್ನು ನಿಲ್ಲಿಸುತ್ತದೆ. ಎಂದರೆ ಗಾಡಿ ನಿಂತದ್ದು ಬಲ ಇಲ್ಲದ್ದರಿಂದಲ್ಲ, ಎದುರು ಬಲವೊಂದು ಇದ್ದದ್ದರಿಂದ.

ಅರಿಸ್ಟಾಟಲ್‌ನಂಥವನೂ ಇಲ್ಲಿಯೇ ಎಡವಿದ್ದನಾದ್ದರಿಂದ ನಿಮ್ಮ ಸಂದೇಹಕ್ಕೆ ನಾಚಬೇಕಿಲ್ಲ. ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿ ನೋಡಿದ ಗೆಲಿಲಿಯೋ, ಘರ್ಷಣೆಯನ್ನು ಕಳೆಯುತ್ತ ಹೋದರೆ ಏನು ಉಳಿಯುತ್ತದೆಂದು ಯೋಚಿಸಿದ. 1687ರಲ್ಲಿ ನ್ಯೂಟನ್ ಅದನ್ನು ನಿಯಮವಾಗಿ ಬರೆದ. ಪುಸ್ತಕದ ಈ ನಿಯಮದಲ್ಲಿ 'ಬಲ' ಎಂದಿರುವಲ್ಲಿ ಮಗಳು 'ಫಲಿತ ಬಲ' ಎಂದು ಓದಿಕೊಂಡರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ ಎಂಬುದು ನನ್ನ ಅನುಭವ.

ಉಳಿದರ್ಧ ಗೊಂದಲ ವೇಗಕ್ಕೂ ವೇಗದ ಬದಲಾವಣೆಗೂ ಇರುವ ವ್ಯತ್ಯಾಸದ್ದು. ಇದಕ್ಕೆ ನಾನು ತರಗತಿಯಲ್ಲಿ ಕೆ.ಜಿ.ಎಫ್. ಚಿನ್ನದ ಗಣಿಯನ್ನು ಎಳೆದು ತರುತ್ತಿದ್ದೆ. 2001ರಲ್ಲಿ ಮುಚ್ಚಿದ ಆ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳವಿತ್ತು, ಅಲ್ಲಿ ದುಡಿದವರ ಮಕ್ಕಳು ನನ್ನ ತರಗತಿಯಲ್ಲೂ ಇದ್ದರು. ಅಂಥ ಗಣಿಯೊಳಕ್ಕೆ ಇಳಿಯುವ ಪಂಜರದಂಥ ಲಿಫ್ಟಿನಲ್ಲಿ 60 ಕೆ.ಜಿ.ಯ ಒಬ್ಬರು ತೂಕದ ಯಂತ್ರದ ಮೇಲೆ ನಿಂತಿದ್ದಾರೆನ್ನಿ. ಲಿಫ್ಟು ಎಷ್ಟೇ ಜೋರಾಗಿ ಇಳಿಯುತ್ತಿದ್ದರೂ ವೇಗ ಬದಲಾಗದಿದ್ದರೆ ಯಂತ್ರ 60 ಎಂದೇ ತೋರಿಸುತ್ತದೆ. ಇಳಿಯಲು ಹೊರಟ ಗಳಿಗೆಯಲ್ಲಿ, ವೇಗ ಪ್ರತಿ ಸೆಕೆಂಡೂ ಸೆಕೆಂಡಿಗೆ 1 ಮೀಟರಿನಂತೆ ಏರುತ್ತಿರುವಾಗ, ಸುಮಾರು 54 ತೋರಿಸುತ್ತದೆ. ತಳ ಹತ್ತಿರವಾಗಿ ಅದೇ ದರದಲ್ಲಿ ನಿಧಾನವಾಗುವಾಗ ಸುಮಾರು 66. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಮೇಲಕ್ಕೆ ಬರುತ್ತಿರುವ ಲಿಫ್ಟು ನಿಲ್ಲುವ ಮುನ್ನ ವೇಗ ತಗ್ಗಿಸುವಾಗಲೂ ಅಂಕಿ 60ಕ್ಕಿಂತ ಕೆಳಗಿಳಿಯುತ್ತದೆ. ಎತ್ತ ಹೋಗುತ್ತಿದ್ದೇವೆ ಎಂಬುದನ್ನು ಯಂತ್ರ ಲೆಕ್ಕಿಸುವುದೇ ಇಲ್ಲ, ವೇಗ ಎತ್ತ ಬದಲಾಗುತ್ತಿದೆ ಎಂಬುದನ್ನಷ್ಟೇ ಗುರುತಿಸುತ್ತದೆ. ನಮ್ಮ ಹೊಟ್ಟೆಯೊಳಗಿನ ಆ ಜುಮ್ಮೆನ್ನುವ ಅನುಭವವೂ ಹಾಗೆಯೇ.

ಮನೆಯಲ್ಲಿ ಮಗಳಿಗೆ ತೋರಿಸಲು ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿಯೊಂದು ಸಾಕು. ಇಟ್ಟಿಗೆಗೆ ದಾರ ಕಟ್ಟಿ, ತಕ್ಕಡಿಯನ್ನು ಅಡ್ಡ ಹಿಡಿದು ನೆಲದ ಮೇಲೆ ನಿಧಾನವಾಗಿ, ಒಂದೇ ವೇಗದಲ್ಲಿ ಎಳೆಯಿರಿ. ಮುಳ್ಳು ತೋರಿಸುವುದು ಘರ್ಷಣೆಯ ಅಳತೆಯನ್ನು. ಇಟ್ಟಿಗೆಯ ಕೆಳಗೆ ಮೂರ್ನಾಲ್ಕು ಉರುಟು ಪೆನ್ಸಿಲ್ ಇಟ್ಟು ಮತ್ತೆ ಎಳೆದರೆ ಅಂಕಿ ತೀರ ಇಳಿಯುತ್ತದೆ. ಪೆನ್ಸಿಲ್ ಇಲ್ಲದೆ ಎಳೆಯುವಾಗ ಇಟ್ಟಿಗೆ ಕದಲುವ ಕ್ಷಣಕ್ಕೆ ಸ್ವಲ್ಪ ಮೊದಲು ಮುಳ್ಳು ಎಲ್ಲಿಯವರೆಗೆ ಹೋಗುತ್ತದೆಂಬುದನ್ನೂ ಗಮನಿಸಲು ಹೇಳಿ: ನಿಂತ ವಸ್ತುವಿನ ಘರ್ಷಣೆ ಜಾರುತ್ತಿರುವ ವಸ್ತುವಿನದಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಅದೇ ಹೆಚ್ಚಳದಿಂದಾಗಿಯೇ ತುಂಬಿದ ಮೂಟೆಯನ್ನು ನೆಲದ ಮೇಲೆ ಎಳೆಯುವವರು ಕದಲಿಸುವುದಕ್ಕೆ ಮಾತ್ರ ಇನ್ನೊಬ್ಬರನ್ನು ಕರೆದು, ಅದು ಜಾರತೊಡಗಿದ ಮೇಲೆ ಒಬ್ಬರೇ ಎಳೆದುಕೊಂಡು ಹೋಗುತ್ತಾರೆ.